ಗುದ್ದಿಸಿಕೊಂಡ ಕಾರಿನ ಬೆಲೆ

ಚೌಕಾಸಿ ಮಾಡದೆ ಕೊಂಡ ವಸ್ತು ನನಗೆ ಪೂರ್ತಿ ನಮ್ಮದು ಅನ್ನಿಸುವುದೇ ಇಲ್ಲ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ಸೀರೆ ಮಡಿಸಿ, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವನು ನಾನು. ಆದ್ದರಿಂದ ನೀವು ಕೇಳದಿದ್ದರೂ ಒಂದು ಸಲಹೆ: ಇನ್ನೊಬ್ಬರ ತಪ್ಪಿನಿಂದ ನಿಮ್ಮ ಕಾರಿಗೆ ಪೆಟ್ಟು ಬಿದ್ದರೆ, ಅವರ ಇನ್ಶೂರೆನ್ಸಿನವರಿಂದ ರಿಪೇರಿ ಖರ್ಚು ಪಡೆದು ಸುಮ್ಮನಾಗಬೇಡಿ. ಮುಂದೆ ಮಾರುವಾಗ ಬೆಲೆ ಇಳಿಯುತ್ತದಲ್ಲ, ಅದನ್ನೂ ಕೇಳಿ.

ನಮ್ಮ ಕಾರಿಗೆ ಪೆಟ್ಟು ಬಿದ್ದದ್ದು ಕಡಲಾಚೆ ಬಂದು ನಾವು ನೆಲೆಸಿದ ಲಾಸ್ ಆಲ್ಟೋಸಿನ ಸಿಗ್ನಲ್ ಒಂದರಲ್ಲಿ. ನನ್ನ ಹೆಂಡತಿ ಸರೋಜ ತಾನು ಕೆಲಸ ಮಾಡುವ ಡೇಕೇರಿಗೆ ಹೊರಟಿದ್ದಳು. ಕೆಂಪು ದೀಪಕ್ಕೆ ನಿಂತಿದ್ದವಳಿಗೆ ಹಿಂದಿನಿಂದ ಒಬ್ಬ ಬಂದು ಗುದ್ದಿದ. ಅವಳಿಗೇನೂ ಆಗಲಿಲ್ಲ, ತಪ್ಪು ತನ್ನದೇ ಎಂದು ಅವನೂ ಒಪ್ಪಿಕೊಂಡ. ಕಾರು ರಿಪೇರಿಯಾಗಿ ಹೊಸದರಂತೆ ಬಂತು. ಸರೋಜ ಅದಕ್ಕೆ ಮತ್ತೊಮ್ಮೆ ಪೂಜೆ ಮಾಡಿ, ಚಕ್ರಗಳಡಿ ನಿಂಬೆಹಣ್ಣಿಟ್ಟು, ಅವನ್ನು ಜಜ್ಜಲು ತಾನೇ ಡ್ರೈವರ್ ಸೀಟಿನ ಬಾಗಿಲು ತೆಗೆದಳು. "ಇರು, ಇವತ್ತು ನಾನು ತೆಗೀತೀನಿ," ಎಂದು ಕೀ ಇಸಿದುಕೊಂಡೆ. ಆ "ಇವತ್ತು" ಮುಗಿಯಲೇ ಇಲ್ಲ. ದಿನಾ ಬೆಳಿಗ್ಗೆ ಅವಳು ಕೈ ಚಾಚುವುದು, "ನನ್ನ ದಾರೀಲೇ ಅಲ್ವಾ, ಬಿಡ್ತೀನಿ" ಎಂದು ನಾನು ಕೀಯನ್ನು ಜೇಬಿಗಿಳಿಸುವುದು. ಪಾಪ, ಹೆದರಿರಬೇಕು ಎಂದು ನನ್ನ ಎಣಿಕೆ.

ನನ್ನ ಗಮನವೆಲ್ಲ ಇಳಿದ ಬೆಲೆಯ ಮೇಲಿತ್ತು. ಸಾಕ್ಷಿ ಬೇಕೆಂದು ಹಳೇ ಕಾರು ಕೊಳ್ಳುವವನೊಬ್ಬನ ಬಳಿ ಹೋದೆ. ಅವನು "ಚೆನ್ನಾಗಿದೆಯಲ್ಲ ಸಾರ್" ಎನ್ನುತ್ತಾನೆ! "ಸರಿಯಾಗಿ ನೋಡಿ, ಡಿಕ್ಕಿಯ ಹತ್ತಿರ ಬಣ್ಣ ನೋಡಿ" ಎಂದು ನನ್ನ ಮಾಲನ್ನು ನಾನೇ ಹಳಿದು ಬೆಲೆ ಇಳಿಸಿಕೊಂಡು ಬಂದೆ. ಚಿಕ್ಕಪೇಟೆಯ ಯಜಮಾನರು ನೋಡಿದ್ದರೆ ಅಂದೇ ಕೆಲಸದಿಂದ ತೆಗೆಯುತ್ತಿದ್ದರು.

ಇನ್ಶೂರೆನ್ಸಿನವನ ಪ್ರಶ್ನೆ ಒಂದೇ: ಕಾರು ಮೊದಲಿನಂತೆಯೇ ಇರುವಾಗ ನಷ್ಟ ಎಲ್ಲಿದೆ? ಯೋಚಿಸಬೇಕಾದ ಮಾತು. ಗುಣ ಇರುವುದು ವಸ್ತುವಿನಲ್ಲಿ ಎನ್ನುತ್ತಾರೆ ನಮ್ಮ ತಾರ್ಕಿಕರು. ಬೆಲೆ ಎಲ್ಲಿರುತ್ತದೆ? ಹರಿದ ಕಡೆ ರಫು ಮಾಡಿದ ರೇಷ್ಮೆ ಸೀರೆಯಲ್ಲಿ ಹೊಲಿಗೆ ಕಣ್ಣಿಗೆ ಕಾಣುವುದಿಲ್ಲ. ಆದರೆ ರಫು ಇದೆ ಎಂದು ತಿಳಿದ ಕ್ಷಣ ಗಿರಾಕಿಯ ಕೈ ಹಿಂದೆ ಸರಿಯುತ್ತದೆ. ಸೀರೆ ಅದೇ, ಕೈ ಮಾತ್ರ ಬೇರೆ.

ಉಗಾದಿಗೆ ಮುಕ್ಕಾಲು ಗಂಟೆ ದಾರಿಯ ಡಬ್ಲಿನ್ ಎಂಬ ಊರಿನ ಸ್ನೇಹಿತರ ಮನೆಗೆ ಹೊರಡುವ ದಿನ ಇನ್ಶೂರೆನ್ಸಿನವನ ಫೋನು ಬಂತು. ಸರೋಜ ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕುತ್ತಿದ್ದಳು. ಪಕ್ಕದಲ್ಲೇ ಗೋಡೆಯ ಫೋನು ಹಿಡಿದು ನಾನು ವಾದಿಸಿದೆ: ಕಾರು ಸರಿಯಾಗಿಯೇ ಇದೆ, ತಪ್ಪು ಅದರದಲ್ಲ; ಆದರೂ ಒಮ್ಮೆ ಗುದ್ದಿಸಿಕೊಂಡಿತು ಎಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ನಂಬುವುದಿಲ್ಲ, ಇದು ಅನ್ಯಾಯವಲ್ಲವೇ? ಕೊನೆಗೆ ಅವನು ನಾನು ಕೇಳಿದ್ದರಲ್ಲಿ ಅರ್ಧಕ್ಕೆ ಒಪ್ಪಿದ.

"ಏನ್ರೀ, ಎಷ್ಟು ಚೆನ್ನಾಗಿ ಮಾತಾಡಿದ್ರಿ!" ಎಂದಳು ಸರೋಜ.

"ಮತ್ತಿನ್ನೇನು!"

"ತಪ್ಪಿಲ್ದೆ ಬೆಲೆ ಇಳಿದ್ರೆ ಅನ್ಯಾಯ, ಅಲ್ವಾ?"

"ಘೋರ ಅನ್ಯಾಯ."

"ಹಾಗಾದ್ರೆ ನಂದೂ ಒಂದು ಕ್ಲೇಮು. ಕೀ ಕೊಡಿ."

"ಅಲ್ಲ ಕಣೆ, ನಿಂಗೆ ಹೆದರಿಕೆ ಅಂತ..."

"ನಂಗೆ ಹೆದರಿಕೆ ಅಂತ ಯಾವತ್ತಾದ್ರೂ ಅಂದ್ನಾ? ಹೆದರಿರೋದು ನೀವು. ಕಾರನ್ನ ನಂಬದೋರ ಮೇಲೆ ಅಷ್ಟು ಕೋಪ ಬಂತಲ್ಲ ನಿಮಗೆ!"

ಸೋಲುವ ಹೊತ್ತಿಗೆ ನಾನು ಚೌಕಾಸಿಗೆ ಇಳಿಯುತ್ತೇನೆ. "ಸರಿ, ಊರೊಳಗೆ ಓಡಿಸು. ಫ್ರೀವೇ ಬೇಡ."

"ಫ್ರೀವೇ ಇಲ್ದೆ ಡಬ್ಲಿನ್‌ಗೆ ಹೆಂಗ್ರೀ ಹೋಗ್ತಾರೆ?"

ಕೀ ಕೊಟ್ಟೆ. ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕುಳಿತೆ. ಲಾರಿಗಳ ನಡುವೆ ಅವಳು ಫ್ರೀವೇಗೆ ಸೇರುವಾಗ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ರಸ್ತೆಯಿಂದ ಕಣ್ಣು ತೆಗೆಯದೆ ಅವಳೆಂದಳು, "ಅಲ್ಲಿ ಬ್ರೇಕಿಲ್ಲ ಕಣ್ರೀ."

ಕಾರಿನ ನಷ್ಟವನ್ನು ಕಂಪನಿ ಒಂದು ಚೆಕ್ಕಿನಲ್ಲಿ ತುಂಬಿಕೊಟ್ಟಿತು. ಮನುಷ್ಯರದನ್ನು ತುಂಬುವ ಬಗೆ ಬೇರೆ: ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಗೆಯೇ ಕೂತೆ. ಡಬ್ಲಿನ್ ಅಷ್ಟೊಂದು ದೂರ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.