ಬಿಸಿಗಾಳಿಯ ಒಲೆ, ಇಳಕಲ್ಲಿನ ಮಗ್ಗ

ಬೆಂಕಿಯೇ ಕಾಣದ ಒಲೆಯನ್ನು ನಾನು ಮೊದಲು ನೋಡಿದ್ದು ಗೋವಾದಲ್ಲಿ. ನಮ್ಮ ಓಣಿಯಷ್ಟು ಉದ್ದದ ತಗಡಿನ ಪೆಟ್ಟಿಗೆ. ಪೇಸ್ಟ್ ಬಳಿದ ಬಟ್ಟೆ ಒಂದು ಬಾಯಿಂದ ಒಳಗೆ ಹೋಗುತ್ತದೆ, ಮೇಲಿಂದಲೂ ಕೆಳಗಿಂದಲೂ ಬಿಸಿಗಾಳಿ ಬಡಿಯುತ್ತದೆ, ಇನ್ನೊಂದು ಬಾಯಿಂದ ಬಸ್ಸಿನ ಸೀಟಿಗೆ ಹಾಕುವ ರೆಕ್ಸಿನ್ ಆಗಿ ಹೊರಬರುತ್ತದೆ. ನಾನು ಇಳಕಲ್ಲಿನ ನೇಕಾರ. ಬಟ್ಟೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಒಣಗಿದೆಯೋ ಇಲ್ಲವೋ ಎಂದು ಅಂಗೈ ಇಟ್ಟೇಬಿಟ್ಟೆ.

"ಹಾತ್ ಲಾಯ್‌ನಾಕಾ!" ಎಂದು ಸೂಪರ್‌ವೈಸರ್ ಚೀರಿದ. ಕೈ ಹಚ್ಚಬೇಡ ಎಂದರ್ಥ. ನಾನು ಕಲಿತ ಮೊದಲ ಕೊಂಕಣಿ ಅದು. ಅಂಗೈ ಸುಲಿದು, ಐದೂ ಬೆರಳಿನ ಗುರುತು ರೆಕ್ಸಿನ್ ಮೇಲೆ ಬಿತ್ತು. ಇನ್ನೊಂದು ಮಾತು ಕಲಿಸಿದವಳು ವಾಸ್ಕೋದ ಮಂಗೋರ್ ಹಿಲ್‌ನ ಬಾಡಿಗೆ ಕೋಣೆಯ ಒಡತಿ: ಘಾಟಿ. ಘಟ್ಟ ಇಳಿದು ಬಂದವರಿಗೆ ಇಲ್ಲಿಯವರು ಇಟ್ಟ ಹೀಯಾಳಿಕೆಯ ಹೆಸರು. ಓಣಿತುಂಬ ಕನ್ನಡ ಕೇಳುತ್ತದೆ, ರೊಟ್ಟಿ ಬಡಿಯುವ ಸದ್ದೂ ಕೇಳುತ್ತದೆ. ಆದರೂ ಮನಸ್ಸು ಹತ್ತಲಿಲ್ಲ. ಹತ್ತಬೇಕೆಂದು ನನಗೂ ಅನಿಸಿರಲಿಲ್ಲ. ನನ್ನ ಮಗ್ಗ ಅಣ್ಣನ ಮನೆಯಲ್ಲಿ ಹಾಗೇ ಇತ್ತಲ್ಲ!

ಮುಂದೆ ನನ್ನನ್ನು ಒಲೆಯ ಹೊರಬಾಯಿಗೇ ನಿಲ್ಲಿಸಿದರು. ಬಿಸಿ ರೆಕ್ಸಿನ್ನಿನ ಅಂಚು ಮಡಚದಂತೆ ಹಿಡಿದು ಸುತ್ತುವ ಕೆಲಸ. ಕೈಗವಸು ಕೊಟ್ಟಿದ್ದರು, ನಾನೇ ತೆಗೆದಿಟ್ಟೆ. ಬರಿಗೈಯಲ್ಲಿ ಮುಟ್ಟದೆ ಬಟ್ಟೆಯ ಗುಣ ತಿಳಿಯುವುದು ಹೇಗೆ ಎಂಬ ನೇಕಾರನ ಹಟ ನನ್ನದು.

ದೀಪಾವಳಿಗೆ ಊರಿಗೆ ಹೋದಾಗ ಮಗ್ಗದ ಮೇಲೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸಾಲು, ಕಾದಿತ್ತು. ಹಳೆಯ ಹಾಸಿನ ತುದಿಗೆ ಹೊಸದನ್ನು ಕೂಡಿಸಬೇಕು. ಕಾರ್ಖಾನೆಯಲ್ಲೂ ಮುಗಿಯುವ ಸುರುಳಿಗೆ ಮುಂದಿನದನ್ನು ಹೀಗೇ ಕೂಡಿಸುತ್ತೇವೆ, ಆದರೆ ಅಲ್ಲಿ ಟೇಪು ಅಂಟಿಸಿದರೆ ಮುಗಿಯಿತು. ಮಗ್ಗದಲ್ಲಿ ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆಯಬೇಕು.

"ನೀ ಬರ್ತಿ ಅಂತ ಹಂಗ ಇಟ್ಟೇನಿ. ನಿನ್ನ ಕೈಯಿಂದನ ಆಗ್ಲಿ," ಎಂದ ಅಣ್ಣ.

ಖುಷಿಯಿಂದ ಕೂತೆ. ಎಳೆ ಬೆರಳಲ್ಲಿದೆಯೋ ಜಾರಿತೋ ತಿಳಿಯಲೇ ಇಲ್ಲ. ಬೆರಳ ತುದಿಗಳು ಜಡ್ಡುಗಟ್ಟಿ ಹೋಗಿದ್ದವು. ಹೊಸೆದದ್ದೆಲ್ಲ ಎಳೆದ ಕೂಡಲೇ ಬಿಚ್ಚಿಕೊಂಡಿತು.

"ಇರ್ಲಿ ಬಿಡ್ರಿ, ಪ್ರಯಾಣ ಮಾಡಿ ದಣದೀರಿ," ಎನ್ನುತ್ತ ವೈನಿ, ಅಣ್ಣನ ಹೆಂಡತಿ, ನಾನು ಕೂಡಿಸಿದ್ದನ್ನೆಲ್ಲ ನನ್ನೆದುರೇ ಮತ್ತೆ ಹೊಸೆದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಾಸ್ಕೋಗೆ ಮರಳಿದೆ. ಈ ಘಾಟಿಗೆ ಬಿಸಿಯೇ ಹತ್ತುವುದಿಲ್ಲ ಎಂದು ಸೂಪರ್‌ವೈಸರ್ ಎಲ್ಲರೆದುರು ನನ್ನ ಕೈ ಎತ್ತಿ ತೋರಿಸಿದ. ಹೊಗಳಿದ್ದೇ ಅವನು. ನನಗೆ ಅಳು ಬಂತು.

ಮೊನ್ನೆ ಅಣ್ಣ ಫೋನ್ ಮಾಡಿ ಯಾವಾಗ ಬರುತ್ತೀ ಎಂದು ಕೇಳಿದ.

"ಮಗ್ಗ ಬ್ಯಾರೆ ಯಾರಿಗರ ಕೊಟ್ಟಬಿಡಣ್ಣಾ," ಎಂದೆ. "ನನ್ನ ಕೈಯಾಗ ಇನ್ನ ಆಗಂಗಿಲ್ಲ."

ಅಣ್ಣ, "ಹಂಗಾರ ಗೋವಾನ ನಿಮ್ಮೂರು ಆತೇನೋ?" ಎಂದ.

ಫೋನ್ ಇಟ್ಟು, ಯಾವ ಊರು ನನ್ನದೆಂದು ಅಂಗೈಯನ್ನೇ ನೋಡಿಕೊಂಡೆ. ಊರಲ್ಲಿ ನಾನು ಹೊಸೆದ ಒಂದೆಳೆಯೂ ನಿಲ್ಲಲಿಲ್ಲ. ಇಲ್ಲಿ, ನನ್ನ ಅಂಗೈ ಗುರುತು ಬಿದ್ದ ರೆಕ್ಸಿನ್ ತುಂಡನ್ನು ಅವತ್ತೇ ಕತ್ತರಿಸಿ ಕಸಕ್ಕೆ ಎಸೆದಿದ್ದರು.