ಸುಮ್ಮನಿದ್ದ ಪರ್ಷಿಯನ್ ಬೆಕ್ಕು

ಐಟಿ ಕಂಪನಿಗಳು ಸಾಲಾಗಿ ಏಳುತ್ತಿದ್ದ ಕಾಲ. ಬೆಹಾಲಾ ಬಡಾವಣೆಯಲ್ಲಿ ನಾನು ಕೆಲಸಕ್ಕಿದ್ದ ಕಡೆ ಆಫೀಸಿಗೆ ಹೋಗುವವರು ನಾಯಿ ಬೆಕ್ಕುಗಳನ್ನು ಹಗಲಿಗೆ ಬಿಟ್ಟುಹೋಗುತ್ತಿದ್ದರು. ಯಾವ ತಳಿಯ ಸ್ವಭಾವ ಏನೆಂಬ ಪಟ್ಟಿ ಗೋಡೆಯ ಮೇಲಿತ್ತು, ನನಗದು ಬಾಯಿಪಾಠ.

ಒಂದು ಬೆಳಿಗ್ಗೆ ಸಾಫ್ಟ್‌ವೇರಿನವರೊಬ್ಬರು ತಮ್ಮ ಪರ್ಷಿಯನ್ ಬೆಕ್ಕನ್ನು ತಂದರು. "ದೀದಿ, ದಿನಾ ಕೂಗಿ ಕೂಗಿ ತಲೆ ತಿನ್ನುತ್ತಾನೆ. ನಿನ್ನೆಯಿಂದ ಸುಮ್ಮನಿದ್ದಾನೆ," ಎಂದು ಹಿಂದಿಯಲ್ಲಿ ಹೇಳಿದರು.

"ಆ ತಳಿಯೇ ಶಾಂತ. ನೀವು ನಿಶ್ಚಿಂತೆಯಿಂದ ಹೋಗಿ," ಎಂದೆ.

ಮಧ್ಯಾಹ್ನ ಅದು ಮೂಲೆಯಲ್ಲಿ ಮುದುಡಿ ಕೂತಾಗಲೂ ಹಾಗೇ ಅಂದುಕೊಂಡೆ. ಸಂಜೆ ಎಂದಿನಂತೆ ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು. ಮೂತ್ರ ಕಟ್ಟಿಕೊಂಡಿತ್ತಂತೆ.

ಕರೆದೊಯ್ಯಲು ಬಂದ ಸಾಫ್ಟ್‌ವೇರಿನವರು ಬಯ್ಯಲಿಲ್ಲ. ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಳ್ಳುತ್ತಾ, "ನಿಮಗೆ ತಳಿ ಗೊತ್ತಿತ್ತು ದೀದಿ, ನನಗೆ ಇವನೊಬ್ಬನೇ ಗೊತ್ತಿದ್ದ," ಎಂದರು.

ಹೋಗಲಿ, ಪಟ್ಟಿಯನ್ನಾದರೂ ಬಯ್ಯೋಣವೆಂದರೆ, ಅದರಲ್ಲಿ ತಪ್ಪೇ ಇರಲಿಲ್ಲ.