ಅಳೆದದ್ದನ್ನೇ ಬರೆಯಿರಿ ಎಂದವರು

ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ಬಣ್ಣ ಬದಲಿಸಿ, ಹೊಗೆ ಎಬ್ಬಿಸಿ ಮಕ್ಕಳನ್ನು ಬೆರಗುಗೊಳಿಸುವ ಶಿಕ್ಷಕರು ಅನೇಕರಿದ್ದಾರೆ. ಆದರೆ ಎಷ್ಟು ಹಾಕಿದರೆ ಎಷ್ಟು ಬರುತ್ತದೆ ಎಂಬ ಲೆಕ್ಕದ ಭಾಗವನ್ನು, ಮಕ್ಕಳು ಕಂಡರೆ ಮುಖ ತಿರುಗಿಸುವ ಆ ಭಾಗವನ್ನೇ, ಅಕ್ಕರೆಯಿಂದ ಕಲಿಸಿದವರು ವಿರಳ. ವಿದ್ಯಾರ್ಥಿಗಳ ಬಾಯಲ್ಲಿ ‘ತಕ್ಕಡಿ ಮೇಡಂ’ ಆಗಿಯೇ ಉಳಿದು, ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಶಿಕ್ಷಕಿ ಆ ವಿರಳರಲ್ಲಿ ಒಬ್ಬರು. ಅವರ ವಿದ್ಯಾರ್ಥಿನಿಯಾಗಿದ್ದು, ಬಳಿಕ ಅದೇ ಶಾಲೆಯಲ್ಲಿ ಅವರ ಸಹೋದ್ಯೋಗಿಯಾದ ನನ್ನ ಪಾಲಿಗೆ ಈ ಲೇಖನದ ಹೊಣೆ ಬಂದಿದೆ.

ದರ್ಜಿಯ ಮಗಳಾದ ಅವರು ಸೇವೆಗೆ ಸೇರಿದಾಗ ಪ್ರಯೋಗಾಲಯವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ನಲ್ಲಿ, ಕಾಲು ಅಲುಗುವ ಒಂದು ಮೇಜು. ಅಲ್ಲಿಯೇ ನಿಂತು ಅವರು ಕೇಳುತ್ತಿದ್ದರು: “ಒಂದು ಅಂಗಿಗೆ ಆರು ಗುಂಡಿ. ಅಂಗಿ ಹತ್ತಿದೆ, ಗುಂಡಿ ಮೂವತ್ತೇ ಇದೆ. ಎಷ್ಟು ಅಂಗಿ ಮುಗಿಯುತ್ತೆ?”

“ಐದು, ಮೇಡಂ.”

“ಮಿಕ್ಕ ಅಂಗಿ ಏನು ಮಾಡೋದು?”

“ಗುಂಡಿ ಇಲ್ದೇ ಹಾಕ್ಕೊಳ್ಳೋದು!”

ಎಲ್ಲರೊಡನೆ ತಾವೂ ನಕ್ಕು, ಯಾವ ವಸ್ತು ಮೊದಲು ಮುಗಿಯುವುದೋ ಅಲ್ಲಿಗೇ ರಾಸಾಯನಿಕ ಕ್ರಿಯೆಯೂ ನಿಲ್ಲುತ್ತದೆ ಎಂಬುದನ್ನು ಅವರು ಹಲಗೆಯ ಮೇಲೆ ಬರೆಯುತ್ತಿದ್ದರು.

ಅವರ ಸೇವೆಯ ಒಂದು ದಿನವನ್ನು ಇಲ್ಲಿ ದಾಖಲಿಸಲೇಬೇಕು. ಅದು ನಮ್ಮ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ. ಮೇಡಂ ಅವರ ಮಗಳೂ ನಮ್ಮ ತರಗತಿಯವಳೇ. ಮೇಡಂ ಮೊದಲೇ ತೂಗಿ ಕರಗಿಸಿಟ್ಟಿದ್ದ ವಾಷಿಂಗ್ ಸೋಡದ ದ್ರಾವಣಕ್ಕೆ ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗುವ ಹೊತ್ತಿಗೆ ಎಷ್ಟು ಆಮ್ಲ ಖರ್ಚಾಯಿತೆಂದು ಬರೆಯಬೇಕಿತ್ತು. ಬೇರೆ ಶಾಲೆಯಿಂದ ಬಂದಿದ್ದ ಪರೀಕ್ಷಕರು ಉತ್ತರಗಳನ್ನು ನೋಡಿ ಕನ್ನಡಕ ತೆಗೆದರು.

“ಎಲ್ಲರದ್ದೂ ಒಂದೇ ಥರ ತಪ್ಪು. ಒಬ್ಬರನ್ನ ನೋಡಿ ಒಬ್ಬರು ಬರೆದಿದ್ದಾರೆ. ನಿಮ್ಮ ಮಗಳದ್ದೊಂದೇ ಸರಿ. ಮಿಕ್ಕವರಿಗೆ ಸೊನ್ನೆ ಕೊಡ್ತೀನಿ.”

ಸುಮ್ಮನಿದ್ದಿದ್ದರೆ ಮೇಡಂ ಅವರಿಗೆ ನಷ್ಟವೇನೂ ಇರಲಿಲ್ಲ. ಅವರು ಕಪಾಟಿನಿಂದ ಸೋಡದ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟರು. ಮುಚ್ಚಳ ಸಡಿಲವಾಗಿತ್ತು, ಗಾಜಿನಂತೆ ಹೊಳೆಯಬೇಕಾದ ಹರಳುಗಳು ಬಿಳಿ ಪುಡಿಯಾಗಿದ್ದವು. ಹೊಸ ಬಾಟಲಿಯ ಮುಚ್ಚಳ ತೆಗೆದು, ಅಷ್ಟೇ ತೂಗಿ, ಕರಗಿಸಿ, “ಸರ್, ಈಗ ನೀವೇ ಮಾಡಿ ನೋಡಿ” ಎಂದರು. ಪರೀಕ್ಷಕರು ಮಾಡಿದರು. ಅವರು ನಿರೀಕ್ಷಿಸಿದ್ದ ಅಂಕಿಯೇ ಬಂತು.

“ಹಳೇ ಹರಳು ತನ್ನೊಳಗಿನ ನೀರು ಬಿಟ್ಟುಕೊಟ್ಟಿದೆ. ಅಷ್ಟೇ ತೂಕದಲ್ಲಿ ಸೋಡ ಜಾಸ್ತಿ ಬಿದ್ದಿದೆ, ಅದಕ್ಕೇ ಆಮ್ಲವೂ ಜಾಸ್ತಿ ಬೇಕಾಯ್ತು. ಬಾಟಲಿ ನೋಡದೆ ತೂಗಿದ್ದು ನನ್ನ ತಪ್ಪು. ಮಕ್ಕಳು ಅಳೆದದ್ದು ಸರಿಯಾಗೇ ಇದೆ.”

“ಹಾಗಾದ್ರೆ ನಿಮ್ಮ ಮಗಳದ್ದು?”

ಮೇಡಂ ಮಗಳ ಉತ್ತರಪತ್ರಿಕೆಯನ್ನು ಎತ್ತಿಕೊಂಡರು. “ಅದು ಅಳೆದದ್ದಲ್ಲ, ಸರ್. ಅಭ್ಯಾಸದ ತರಗತೀಲಿ ಬರ್ತಿದ್ದ ಅಂಕಿ.”

ನಮಗೆಲ್ಲ ಅಂಕ ಸಿಕ್ಕಿತು. ಅವಳಿಗೆ ಆ ಪ್ರಶ್ನೆಯ ಅಂಕ ಹೋಯಿತು. ಪರೀಕ್ಷಕರು ಹೊರಟ ಮೇಲೆ ನಾನು ಬ್ಯುರೆಟ್ ತೊಳೆಯುತ್ತಿದ್ದೆ.

“ಆಮ್ಲ ಒಂದೇ ಸಲಕ್ಕೆ ಜಾಸ್ತಿ ಬಿದ್ದು ಕೆಂಪಾಗಿಹೋಯ್ತು, ಮತ್ತೆ ಮಾಡೋಕೆ ಹೊತ್ತಿರಲಿಲ್ಲ. ನೀನು ಸುಮ್ನಿರಬಹುದಿತ್ತಲ್ಲಮ್ಮಾ” ಎಂದಳು ಮಗಳು.

“ನಾನು ಸುಮ್ನಿದ್ದಿದ್ರೆ ಇವರೆಲ್ಲ ಸುಳ್ಳರಾಗ್ತಿದ್ರು. ಕೆಂಪಾಗಿಹೋಯ್ತು ಅಂತಲೇ ಬರೀಬಹುದಿತ್ತು, ಮಗಳೇ. ಅದಕ್ಕೂ ಒಂದಷ್ಟು ಅಂಕ ಕೊಡ್ತಿದ್ರು.”

ಕೆಲವು ದಿನ ತಾಯಿ-ಮಗಳಲ್ಲಿ ಮಾತಿರಲಿಲ್ಲ. ಆದರೆ ರಜೆಯಲ್ಲೂ ಆ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಮಗಳು ಪ್ರಯೋಗ ಮಾಡುತ್ತಿದ್ದಳು, ತಾಯಿ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು, ಕೈ ಮಾತ್ರ ಹಾಕುತ್ತಿರಲಿಲ್ಲ.

ಮುಂದೆ ಮೇಡಂ ಹೊಸ ಪ್ರಯೋಗಾಲಯ ಕಟ್ಟಿಸಿದರು, ನನ್ನಂಥ ಕಿರಿಯ ಶಿಕ್ಷಕರನ್ನು ತಿದ್ದಿದರು. ಮಗಳು ಈಗ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿದ್ದಾಳೆ. ಈ ಪ್ರಸಂಗ ಬರೆಯಲೇ ಎಂದು ಅವಳನ್ನು ಕೇಳಿದೆ. “ಬರಿ. ಆದ್ರೆ ನನ್ನ ಅಂಕ ಹೋಯ್ತು ಅನ್ನೋದನ್ನೂ ಬರಿ ಮಾರಾಯ್ತಿ. ಅಮ್ಮ ಓದ್ತಾರೆ” ಎಂದಳು.

ಬರೆದಿದ್ದೇನೆ. ಮೇಡಂ ಆರೋಗ್ಯದಿಂದ ನೂರು ಕಾಲ ಬಾಳಲಿ. ನಿವೃತ್ತಿಯ ನಂತರವೂ ಆಗಾಗ ಪ್ರಯೋಗಾಲಯಕ್ಕೆ ಬಂದು, ನಮ್ಮ ಬಾಟಲಿಗಳ ಮುಚ್ಚಳವನ್ನು ಒಮ್ಮೆ ತಿರುಗಿಸಿ ನೋಡುತ್ತಿರಲಿ.